ಫ್ರೇಮ್ ಇಲ್ಲದೆ ಗೋಡೆಗೆ ಟೈಲ್: ಅಂಟಿನ ಡಿಸ್ಕೋ, ತಂತಿಯೋ, ಟೇಪೋ, ಎಪಾಕ್ಸಿಯೋ?

ಚಿತ್ರವಿರುವ ಸೆರಾಮಿಕ್ ಟೈಲ್‌ಗೆ ಫ್ರೇಮ್ ಹಾಕಿಸಿದರೆ ಮೊದಲು ಮರೆಯಾಗುವುದು ಅದರ ಅಂಚು. ಕೈಯಲ್ಲಿ ಮಾಡಿದ ಟೈಲ್‌ನಲ್ಲಿ ನೋಡಬೇಕಾದ್ದು ಅಲ್ಲೇ ಜಾಸ್ತಿ ಇರುತ್ತದೆ: ಗ್ಲೇಜ್ (ಮೇಲಿನ ಗಾಜಿನಂಥ ಹೊಳಪು ಪದರ) ಹರಿದು ದಪ್ಪಗಟ್ಟಿದ ಗೆರೆ, ಕೊಂಚ ಸೊಟ್ಟಗಿರುವ ಮೂಲೆ, ಒಳಗಿನ ಮಣ್ಣಿನ ಬಣ್ಣ. ಅದಕ್ಕೇ ತುಂಬಾ ಜನ ಟೈಲನ್ನು ಹಾಗೇ ತೂಗುಹಾಕಲು ನೋಡುತ್ತಾರೆ. ದಾರಿಗಳೇನೋ ಬೇಕಾದಷ್ಟಿವೆ. ಯಾವುದು ಯಾವ ಟೈಲ್‌ಗೆ ಸರಿ ಅನ್ನುವುದರಲ್ಲೇ ಗೊಂದಲ.

ಪ್ಯಾಕೆಟ್ ಮೇಲೆ ‘ಇಷ್ಟು ಕಿಲೋ ತಡೆಯುತ್ತದೆ’ ಅಂತ ಬರೆದಿರುತ್ತದೆ. ಹೆಚ್ಚಿನವರು ಅದನ್ನು ನೋಡಿಕೊಂಡೇ ಕೊಳ್ಳುತ್ತಾರೆ. ಆದರೆ ಬಿದ್ದು ಒಡೆದ ಟೈಲ್‌ನ ಚೂರುಗಳನ್ನು ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ಸಲ ಅಂಟು ಅಂಟಾಗಿಯೇ ಗಟ್ಟಿಯಾಗಿ ಉಳಿದಿರುತ್ತದೆ. ಅದರ ಮೇಲೆ ಗೋಡೆಯ ಪೇಂಟ್‌ನ ಸಿಪ್ಪೆಯೋ, ಟೈಲ್ ಬೆನ್ನಿನ ಬಿಳಿ ಪುಡಿಯೋ ಮೆತ್ತಿಕೊಂಡಿರುತ್ತದೆ. ಅಂಟಿಗೆ ಹಿಡಿದುಕೊಳ್ಳಲು ಸಿಕ್ಕಿದ್ದೇ ಕಳಚಿ ಬಂದಿದೆ ಅಂತ ಅರ್ಥ. ಹಾಗಾಗಿ ಈ ಹೋಲಿಕೆಯನ್ನು ನಾನು ಟೈಲ್‌ನ ಬೆನ್ನಿನಿಂದ ಶುರು ಮಾಡುತ್ತೇನೆ.

ಮೊದಲು ಟೈಲ್ ತಿರುಗಿಸಿ ನೋಡಿ

ಅಡುಗೆಮನೆಯ ತಕ್ಕಡಿ ಇದ್ದರೆ ತೂಕ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಅಂದಾಜು ಹೇಳುತ್ತೇನೆ. 8 ಮಿ.ಮೀ. ದಪ್ಪದ ಟೈಲ್ ಆದರೆ 10 ಸೆಂ.ಮೀ. ಚೌಕಕ್ಕೆ 170 ಗ್ರಾಂ ಆಸುಪಾಸು, 15 ಸೆಂ.ಮೀ. ಚೌಕಕ್ಕೆ 400 ಗ್ರಾಂ ಹತ್ತಿರ, 20 ಸೆಂ.ಮೀ. ಆದರೆ 700 ಗ್ರಾಂ, 30 ಸೆಂ.ಮೀ. ಆದರೆ ಒಂದೂವರೆ ಕಿಲೋ. ಅಳತೆ ದುಪ್ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಚಿಕ್ಕ ಟೈಲ್‌ಗೆ ಗಟ್ಟಿಯಾಗಿ ನಿಂತ ಉಪಾಯ ದೊಡ್ಡದಕ್ಕೆ ನಿಲ್ಲದೇ ಇರುವುದು ಇದರಿಂದಲೇ. ಕೈಯಲ್ಲಿ ಮಾಡಿದ ಟೈಲ್ 12 ಮಿ.ಮೀ. ದಾಟಿದ್ದರೆ ಇನ್ನೂ ಅರ್ಧದಷ್ಟು ಸೇರಿಸಿಕೊಳ್ಳಿ.

ಆಮೇಲೆ ಬೆನ್ನಿನ ಮೇಲೆ ಬೆರಳು ಎಳೆಯಿರಿ. ಬೆರಳಿಗೆ ಬಿಳಿ ಪುಡಿ ಹತ್ತಿತಾ? ಭಟ್ಟಿಯಲ್ಲಿ ಸುಡುವಾಗ ಟೈಲ್ ತಳಕ್ಕೆ ಅಂಟಿಕೊಳ್ಳಬಾರದು ಅಂತ ಕೆಳಗಡೆ ಒಂದು ಲೇಪ ಹಚ್ಚುವುದುಂಟು. ಅದು ಪುಡಿಯಾಗಿ ಅಲ್ಲೇ ಉಳಿದಿರುತ್ತದೆ. ಅದರ ಮೇಲೆ ಎಂಥ ಅಂಟು ಹಚ್ಚಿದರೂ ಪುಡಿಗೆ ಹಚ್ಚಿದ ಹಾಗೆ. ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಡಿ. ಬೇಕಿದ್ದರೆ ಸ್ಯಾಂಡ್ ಪೇಪರ್‌ನಲ್ಲಿ ಒಂದು ಕೈ ಉಜ್ಜಬಹುದು. ಒಣಗಿದ ಮೇಲೆ ಬೆರಳು ಎಳೆದರೆ ಏನೂ ಹತ್ತಬಾರದು.

ಈಗ ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಇಂಗಿ ಕಲೆ ಹರಡಿದರೆ ಅದು ನೀರು ಹೀರುವ ಸಾಮಾನ್ಯ ಸೆರಾಮಿಕ್. ಗೋಡೆಗೆಂದೇ ಮಾಡುವ ಟೈಲ್‌ಗಳಲ್ಲಿ ಬಹಳಷ್ಟು ತಮ್ಮ ತೂಕದ ನೂರಕ್ಕೆ 10ಕ್ಕಿಂತ ಜಾಸ್ತಿ ನೀರು ಹೀರುತ್ತವೆ. ಹನಿ ಹಾಗೇ ಗುಂಡಗೆ ಕೂತಿದ್ದರೆ ಅದು ಪೋರ್ಸೆಲಿನ್ ಇರಬಹುದು. ಪೋರ್ಸೆಲಿನ್ ಹೀರುವುದು ನೂರಕ್ಕೆ ಅರ್ಧ ಅಥವಾ ಅದಕ್ಕೂ ಕಡಿಮೆ. ಹೀರುವ ಬೆನ್ನಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಚೆನ್ನಾಗಿ ಕಚ್ಚುತ್ತದೆ, ಟೇಪ್ ಅಷ್ಟಾಗಿ ಕಚ್ಚುವುದಿಲ್ಲ. ನುಣುಪಾಗಿ ಗಟ್ಟಿಯಾಗಿರುವ ಬೆನ್ನಿಗೆ ಟೇಪ್ ಚೆನ್ನಾಗಿ ಕೂರುತ್ತದೆ, ಎಪಾಕ್ಸಿ ಹಚ್ಚುವ ಮೊದಲು ಮಾತ್ರ ಮೇಲ್ಮೈಯನ್ನು ಉಜ್ಜಿ ಒರಟು ಮಾಡಿಕೊಳ್ಳಬೇಕು.

ಇನ್ನು ಗೆರೆಗಳ ಮಾತು. ಕಾರ್ಖಾನೆ ಟೈಲ್‌ಗಳ ಬೆನ್ನಲ್ಲಿ ಏರುತಗ್ಗಿನ ಗೆರೆಗಳೋ ಚೌಕುಳಿಗಳೋ ಇರುತ್ತವೆ. ಗಾರೆ ಹಿಡಿಯಲಿ ಅಂತ ಇಟ್ಟಿರುವುದು. ತೆಳ್ಳಗಿನ ಟೇಪ್‌ಗೂ ಅಂಟಿನ ಡಿಸ್ಕ್‌ಗೂ ಇದೇ ಶತ್ರು. ಅವು ಏರಿಗೆ ಮಾತ್ರ ತಾಗುತ್ತವೆ, ತಗ್ಗಿನಲ್ಲಿ ಗಾಳಿ. ನೋಡಲು ಇಡೀ ಅಂಟಿದ ಹಾಗೆ ಕಂಡರೂ ನಿಜವಾಗಿ ಹಿಡಿದಿರುವುದು ಅರ್ಧ ಜಾಗ ಅಷ್ಟೇ.

ಗೋಡೆಯನ್ನೂ ಒಮ್ಮೆ ಕೇಳಿ

ಗೋಡೆಗೆ ನೇರವಾಗಿ ಏನಾದರೂ ಅಂಟಿಸುವ ಯೋಚನೆ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಗೇಣು ಟೇಪ್ ತೆಗೆದುಕೊಂಡು ಗೋಡೆಗೆ ಒತ್ತಿ ಅಂಟಿಸಿ, ಥಟ್ಟನೆ ಕೀಳಿ. ಟೇಪ್‌ನ ಅಂಟಿನ ಕಡೆ ಬೆಳಕಿಗೆ ಹಿಡಿದು ನೋಡಿ. ಪುಡಿ ಹತ್ತಿದ್ದರೆ, ಪೇಂಟ್ ಚೂರು ಎದ್ದು ಬಂದಿದ್ದರೆ, ಆ ಗೋಡೆಗೆ ಅಂಟಿನ ದಾರಿ ಬೇಡ. ಸುಣ್ಣ, ಡಿಸ್ಟೆಂಪರ್, ತೇವ ಹಿಡಿದ ಗೋಡೆ, ವಾಲ್‌ಪೇಪರ್, ಒರಟು ಟೆಕ್ಸ್ಚರ್ ಇರುವ ಗೋಡೆ ಎಲ್ಲವೂ ಇದೇ ಗುಂಪು. ಅಲ್ಲಿ ಮೊಳೆಯೋ ಸ್ಕ್ರೂವೋ ಆಗಲೇಬೇಕು. ಹೊಸದಾಗಿ ಪೇಂಟ್ ಹೊಡೆದಿದ್ದರೆ ಕಡಿಮೆಯೆಂದರೂ ಒಂದು ವಾರ ಕಾಯಿರಿ. ಕೈಗೆ ಒಣಗಿದ ಹಾಗೆ ಅನಿಸಿದರೂ ಪೇಂಟ್ ಒಳಗೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ 6 ಮಿ.ಮೀ. ತೂತು, ಪ್ಲಗ್, ಸ್ಕ್ರೂ ಇದ್ದರೆ ಒಂಟಿ ಟೈಲ್‌ನ ಭಾರ ಲೆಕ್ಕಕ್ಕೇ ಇಲ್ಲ. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಟೊಳ್ಳು ಗೋಡೆಗೆಂದೇ ಬರುವ ಪ್ಲಗ್ ತೆಗೆದುಕೊಳ್ಳಿ.

ಅಂಟಿನ ಡಿಸ್ಕ್

ಬಟ್ಟೆಯ ಥರದ ಒಂದು ದುಂಡು ತುಂಡು. ಒಂದು ಕಡೆ ಒಣಗಿದ ಅಂಟು, ಇನ್ನೊಂದು ಕಡೆ ನೇತುಹಾಕಲು ಒಂದು ಕೊಂಡಿ. ತಟ್ಟೆಗಳನ್ನು ಗೋಡೆಗೆ ಹಾಕಲು ಬಂದದ್ದು. ಟೈಲ್‌ಗೂ ನಡೆಯುತ್ತದೆ, ಷರತ್ತುಗಳು ಉಂಟು. ಬೇರೆಬೇರೆ ಅಳತೆಗಳಲ್ಲಿ ಸಿಗುತ್ತವೆ. ಟೈಲ್‌ಗೆ ಹಿಡಿಸುವಷ್ಟು ದೊಡ್ಡದನ್ನೇ ಆರಿಸಿ.

ಇದರಲ್ಲಿ ಸೋಲುವವರೆಲ್ಲ ಅವಸರದಲ್ಲಿ ಸೋಲುತ್ತಾರೆ. ಅಂಟಿನ ಕಡೆಗೆ ನೀರು ಸವರಿ ಕೂಡಲೇ ಟೈಲ್‌ಗೆ ಒತ್ತಬಾರದು. ಸುಮಾರು ಐದು ನಿಮಿಷ ಹಾಗೇ ಬಿಡಬೇಕು. ಮೊದಮೊದಲು ಜಾರುಜಾರಾಗಿರುತ್ತದೆ, ಬೆರಳಿಟ್ಟರೆ ಸರಿದುಹೋಗುತ್ತದೆ. ಆಮೇಲೆ ಬೆರಳು ಎತ್ತಿದರೆ ಸಣ್ಣಗೆ ಎಳೆ ಏಳುವಷ್ಟು ಜಿಗುಟಾಗುತ್ತದೆ. ಆಗ ಒತ್ತಬೇಕು. ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಲ್ಲಿ ಉಜ್ಜುತ್ತಾ, ಗಾಳಿ ಹೊರಗೆ ಹೋಗುವ ಹಾಗೆ. ಆಮೇಲೆ ಒಂದು ದಿನ ಮುಟ್ಟಬಾರದು. ಗೋಡೆಗೆ ಹಾಕುವ ಮೊದಲು ಹಾಸಿಗೆಯ ಮೇಲೆ ಟೈಲ್ ಹಿಡಿದು ಕೊಂಡಿಯನ್ನು ಜಗ್ಗಿ ನೋಡಿ. ಬೀಳುವುದಿದ್ದರೆ ಅಲ್ಲೇ ಬೀಳಲಿ.

ಇದರ ದೊಡ್ಡ ಗುಣ ಅಂದರೆ ಮುಂದಿನಿಂದ ಏನೂ ಕಾಣುವುದಿಲ್ಲ, ಬೇಡ ಅಂದಾಗ ನೀರಲ್ಲಿ ನೆನೆಸಿದರೆ ಬಿಟ್ಟುಬರುತ್ತದೆ. ಅದೇ ಇದರ ದೋಷ ಕೂಡ. ನೀರಿಗೆ ಬಿಡುವ ಅಂಟು ಹಬೆಗೂ ಬಿಡುತ್ತದೆ. ಬಚ್ಚಲುಮನೆಗೂ ಒಲೆಯ ಹತ್ತಿರಕ್ಕೂ ಬೇಡ. ಗೆರೆ ಇರುವ ಬೆನ್ನಿಗೂ ಬೇಡ. ನುಣುಪು ಬೆನ್ನಿನ 15 ಸೆಂ.ಮೀ. ಟೈಲ್‌ಗೆ, ಒಣ ಕೋಣೆಯಲ್ಲಿ, ಇದು ನನಗೆ ಒಪ್ಪಿಗೆ.

ಸ್ಪ್ರಿಂಗ್ ತಂತಿ

ಇದೂ ತಟ್ಟೆಗೆ ಹುಟ್ಟಿದ್ದೇ. ನಾಲ್ಕು ಕೊಕ್ಕೆ ಅಂಚನ್ನು ಹಿಡಿಯುತ್ತವೆ, ಹಿಂದಿನ ಸ್ಪ್ರಿಂಗ್ ಎಳೆದು ಹಿಡಿಯುತ್ತದೆ. ಅಂಟಿಲ್ಲ, ಕಾಯುವುದಿಲ್ಲ, ಬೇಕಾದಾಗ ಟೈಲ್ ಬದಲಿಸಬಹುದು. ದುಂಡು ತಟ್ಟೆಯಲ್ಲಿ ಕೊಕ್ಕೆಗೆ ಬಾಗಿದ ಅಂಚು ಸಿಗುತ್ತದೆ. ಚೌಕದ ನೇರ ಅಂಚಿನಲ್ಲಿ ಅದು ಪಕ್ಕಕ್ಕೆ ಜಾರುತ್ತದೆ. ಚೌಕ ಟೈಲ್‌ಗೆಂದೇ ಮಾಡಿದ ತಂತಿ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. ಸ್ಪ್ರಿಂಗ್ ಕೊಂಚ ಬಿಗಿಯಾದರೆ ಸಾಕು. ಹಲ್ಲು ಕಚ್ಚಿ ಎಳೆದು ಹಾಕಬೇಕಾದ ಅಳತೆ ಆದರೆ ಅಂಚಿನ ಗ್ಲೇಜ್ ಚಕ್ಕೆ ಏಳುತ್ತದೆ. ಕೂದಲೆಳೆಯ ಬಿರುಕು ಇರುವ ಟೈಲ್‌ಗಂತೂ ಈ ಎಳೆತ ಒಳ್ಳೆಯದಲ್ಲ. ಕೊಕ್ಕೆಯ ತುದಿಗೆ ಪ್ಲಾಸ್ಟಿಕ್ ಕೊಳವೆ ಇರಲಿ.

ಅಲ್ಲದೆ ಕೊಕ್ಕೆ ಮುಂದೆ ಕಾಣುತ್ತದೆ. ಅಂಚು ಕಾಣಲಿ ಅಂತಲೇ ಫ್ರೇಮ್ ಬೇಡ ಅಂದವರಿಗೆ ಆ ನಾಲ್ಕು ಕೊಕ್ಕೆ ಕಿರಿಕಿರಿ ಮಾಡದೇ ಇರುತ್ತವಾ?

ಕಿತ್ತು ತೆಗೆಯುವ ಪಟ್ಟಿ, ಫೋಮ್ ಟೇಪ್

ಒಂದಕ್ಕೊಂದು ಕಚ್ಚಿಕೊಳ್ಳುವ ಎರಡು ಪಟ್ಟಿಗಳು ಬರುತ್ತವಲ್ಲ, ಅವು ಬಾಡಿಗೆ ಮನೆಯವರಿಗೆ ವರ. ತೂತಿಲ್ಲ, ಕಲೆಯಿಲ್ಲ. ತೆಗೆಯುವಾಗ ಬಾಲವನ್ನು ಗೋಡೆಗೆ ಒತ್ತಿಕೊಂಡೇ ಕೆಳಕ್ಕೆ ನಿಧಾನವಾಗಿ ಎಳೆದರೆ ಪಟ್ಟಿ ರಬ್ಬರ್ ಥರ ಉದ್ದವಾಗುತ್ತಾ ಬಿಟ್ಟುಬರುತ್ತದೆ. ನಿಮ್ಮ ಕಡೆಗೆ ಎಳೆದರೆ ಪೇಂಟ್ ಸಮೇತ ಬರುತ್ತದೆ.

ಗೋಡೆಯನ್ನು ಸೋಪಿನಲ್ಲಿ ಒರೆಸಬೇಡಿ, ಸೋಪಿನ ಪದರ ಉಳಿಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಜೋಡಿ ಪಟ್ಟಿಯನ್ನು ಟೈಲ್‌ಗೆ ಅಂಟಿಸಿ ಗೋಡೆಗೆ ಒತ್ತಿದ ಮೇಲೆ ಟೈಲನ್ನು ಬಿಡಿಸಿಕೊಂಡು, ಗೋಡೆಯ ಪಟ್ಟಿಯನ್ನು ಮತ್ತೆ ಒತ್ತಿ, ಒಂದು ಗಂಟೆ ಬಿಟ್ಟು ಟೈಲ್ ಹಾಕಬೇಕು. ಈ ಒಂದು ಗಂಟೆಯನ್ನು ಯಾರೂ ಕಾಯುವುದಿಲ್ಲ, ಆಮೇಲೆ ಪಟ್ಟಿಯನ್ನು ಬೈಯುತ್ತಾರೆ. ಇನ್ನು ಪ್ಯಾಕೆಟ್ ಮೇಲಿನ ಕಿಲೋ ಲೆಕ್ಕ ನುಣುಪಾದ, ಚೊಕ್ಕಟ ಮೇಲ್ಮೈಗೆ ಹೇಳಿದ್ದು. ಟೈಲ್ ವಿಷಯದಲ್ಲಿ ನಾನು ಅದರಲ್ಲಿ ಅರ್ಧ ಮಾತ್ರ ನಂಬುತ್ತೇನೆ.

ಬೆನ್ನಿನ ಗೆರೆಗೆ ಒಂದು ಉಪಾಯ ಇದೆ. ತೆಳ್ಳಗಿನ ಅಕ್ರಿಲಿಕ್ ಹಾಳೆಯ ತುಂಡನ್ನು ಎಪಾಕ್ಸಿಯಿಂದ ಬೆನ್ನಿಗೆ ಅಂಟಿಸಿ. ಎಪಾಕ್ಸಿ ತಗ್ಗುಗಳನ್ನು ತುಂಬುತ್ತದೆ, ಅಕ್ರಿಲಿಕ್ ನುಣುಪು ಮುಖ ಕೊಡುತ್ತದೆ. ಪಟ್ಟಿ ಅದರ ಮೇಲೆ ಚೆನ್ನಾಗಿ ಕೂರುತ್ತದೆ.

ಗಟ್ಟಿ ಫೋಮ್ ಟೇಪ್ ಇದಕ್ಕಿಂತ ಬಲಶಾಲಿ. ಆದರೆ ತೆಗೆಯುವಾಗ ಗೋಡೆಯ ಪುಟ್ಟಿಯನ್ನೂ ಕಿತ್ತುಕೊಂಡು ಬರಬಹುದು. ಗಾಜು, ಲೋಹ, ನುಣುಪಾದ ಮರದ ಮೇಲೆ ಹಾಕುವುದಾದರೆ ಚೆನ್ನ. ಪೇಂಟ್ ಹೊಡೆದ ಗೋಡೆಗೆ ಹಾಕಿದರೆ ಟೇಪ್ ಎಷ್ಟೇ ಗಟ್ಟಿಯಿದ್ದರೂ ಅದರ ಬಲ ಪೇಂಟ್‌ನ ಬಲದಷ್ಟೇ.

ಎಪಾಕ್ಸಿ ಮತ್ತು ಕೊಕ್ಕೆ

ಟೈಲ್ ಹಿಂದೆ ಲೋಹದ ಕೊಕ್ಕೆ ಅಂಟಿಸಿ ಮೊಳೆಗೆ ಹಾಕುವುದು ತುಂಬಾ ಜನ ಮಾಡುವ ಕೆಲಸ. ಸರಿಯಾಗಿ ಮಾಡಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಎಪಾಕ್ಸಿಯಲ್ಲಿ ಐದು ನಿಮಿಷದ್ದು, ನಿಧಾನವಾಗಿ ಗಟ್ಟಿಯಾಗುವುದು ಎರಡೂ ಸಿಗುತ್ತವೆ. ನಿಧಾನದ್ದನ್ನೇ ತೆಗೆದುಕೊಳ್ಳಿ, ಅದರ ಹಿಡಿತ ಸಾಮಾನ್ಯವಾಗಿ ಹೆಚ್ಚು. ಐದು ನಿಮಿಷದ್ದು ಕೂಡ ಐದು ನಿಮಿಷಕ್ಕೆ ಬರೀ ಕೂರುತ್ತದೆ, ಪೂರ್ತಿ ಬಲ ಬರಲು 24 ಗಂಟೆ ಬೇಕು. ಸೂಪರ್ ಗ್ಲೂ ಬೇಡ. ಅದು ಪೆಡಸು, ಬಾಗಿಲು ದಡಾರ್ ಅಂದರೆ ಆ ಅದುರಿಗೇ ಬಿಡಬಹುದು. ಬಿಸಿ ಅಂಟಿನ ಗನ್ ಅಂತೂ ಮಾತೇ ಬೇಡ.

ಕೊಕ್ಕೆಯ ಲೋಹವನ್ನೂ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಕು, ಹೊಳೆಯುವ ಲೋಹಕ್ಕೆ ಅಂಟು ಕಚ್ಚುವುದಿಲ್ಲ. ಗರಗಸದಂತೆ ಹಲ್ಲಿರುವ ಪಟ್ಟಿಯ ಕೊಕ್ಕೆ ಆರಿಸಿದರೆ ಒಂದು ತೊಡಕು ಎದುರಾಗುತ್ತದೆ. ಅದನ್ನು ಚಪ್ಪಟೆಯಾಗಿ ಅಂಟಿಸಿದರೆ ಮೊಳೆಯ ತಲೆ ಹೋಗಲು ಜಾಗವೇ ಇರುವುದಿಲ್ಲ. ಇದ್ದ ಚೂರು ಸಂದಿಗೂ ಎಪಾಕ್ಸಿ ಹರಿದು ತುಂಬಿಕೊಳ್ಳುತ್ತದೆ. ಆ ಸಂದಿಗೆ ಮೊದಲೇ ಮಕ್ಕಳ ಆಟದ ಜೇಡಿಯ ಚೂರು ತುಂಬಿ, ಅಂಟು ಗಟ್ಟಿಯಾದ ಮೇಲೆ ಕೆದಕಿ ತೆಗೆಯಬಹುದು. ಇಲ್ಲವೇ ಉಂಗುರ ಇರುವ ಪಟ್ಟಿಕೊಕ್ಕೆ ತೆಗೆದುಕೊಳ್ಳಿ. ಪಟ್ಟಿ ಅಂಟಿನಲ್ಲಿ ಕೂರುತ್ತದೆ, ಉಂಗುರ ಆಡುತ್ತಾ ಇರುತ್ತದೆ. ಟೈಲನ್ನು ದಪ್ಪ ಟವೆಲ್ ಮೇಲೆ ಮಗುಚಿ ಹಾಕಿ, ಮಟ್ಟವಾಗಿಯೇ ಒಂದು ದಿನ ಬಿಡಿ. ನಿಲ್ಲಿಸಿದರೆ ಕೊಕ್ಕೆ ನಿಮಗೆ ಗೊತ್ತಾಗದ ಹಾಗೆ ಜಾರಿರುತ್ತದೆ.

ಕೊಕ್ಕೆ ಮೇಲಿನ ಮೂರನೇ ಒಂದು ಭಾಗದಲ್ಲಿರಲಿ. ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿ. ಇಲ್ಲದಿದ್ದರೆ ಟೈಲ್‌ನ ಮೇಲಂಚು ಮುಂದಕ್ಕೆ ಬಾಗಿ ನೆಲ ನೋಡುತ್ತಾ ನಿಲ್ಲುತ್ತದೆ.

ಹಿಂದೆ ಒಂದು ಹಲಗೆ

ನನ್ನನ್ನು ಕೇಳಿದರೆ ದೊಡ್ಡ ಟೈಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 9 ಅಥವಾ 12 ಮಿ.ಮೀ. ಪ್ಲೈವುಡ್ ತುಂಡನ್ನು ಟೈಲ್‌ಗಿಂತ ಎಲ್ಲ ಕಡೆ 2 ಸೆಂ.ಮೀ. ಚಿಕ್ಕದಾಗಿ ಕತ್ತರಿಸಿ ಹಿಂದೆ ಅಂಟಿಸುವುದು. ಎದುರಿನಿಂದ ಹಲಗೆ ಕಾಣುವುದೇ ಇಲ್ಲ. ಟೈಲ್ ಗೋಡೆಯಿಂದ ಬೆರಳಷ್ಟು ಮುಂದೆ ತೇಲಿದ ಹಾಗೆ ಇರುತ್ತದೆ, ಸುತ್ತ ಒಂದು ತೆಳು ನೆರಳು ಬೀಳುತ್ತದೆ. ಆ ನೆರಳೇ ಫ್ರೇಮ್‌ನ ಕೆಲಸ ಮಾಡಿಬಿಡುತ್ತದೆ.

ಇಲ್ಲಿ ಎಪಾಕ್ಸಿ ಬಿಟ್ಟು ಸಿಲಿಕೋನ್ ಹಿಡಿಯಬೇಕು. ಮರ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಟೈಲ್ ಅಲ್ಲಾಡುವುದಿಲ್ಲ. ನಡುವಿನ ಅಂಟು ಕಲ್ಲಿನಂತೆ ಗಟ್ಟಿಯಾದರೆ ಎಲ್ಲೋ ಒಂದು ಕಡೆ ಬಿಡಲೇಬೇಕು. ಸಿಲಿಕೋನ್ ರಬ್ಬರಿನ ಹಾಗೆ ಆ ಆಟವನ್ನು ತಡೆದುಕೊಳ್ಳುತ್ತದೆ. ಹುಳಿ ವಿನೆಗರ್ ವಾಸನೆ ಬರುವ ಸಿಲಿಕೋನ್ ಲೋಹಕ್ಕೆ ತುಕ್ಕು ತರಿಸುತ್ತದೆ, ಸಿಮೆಂಟಿಗೂ ಒಗ್ಗುವುದಿಲ್ಲ. ‘ನ್ಯೂಟ್ರಲ್’ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಹಲಗೆಗೆ ಮೊದಲು ಒಂದು ಕೋಟ್ ವಾರ್ನಿಷ್ ಹೊಡೆದು ಒಣಗಿಸಿ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ. ಇಡೀ ಹಲಗೆಗೆ ಬೆಣ್ಣೆ ಹಚ್ಚಿದಂತೆ ಹಚ್ಚಿದರೆ ನಡುವಿನ ಭಾಗಕ್ಕೆ ಗಾಳಿ ಸಿಗದೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೆರಳಗಲ ಬಿಟ್ಟು ಉದ್ದುದ್ದ ಗೆರೆ ಎಳೆಯಿರಿ, ಒತ್ತಿ, ಎರಡು ದಿನ ಬಿಡಿ.

ಹಲಗೆಗೆ ಸ್ಕ್ರೂ ಹಾಕಬಹುದು ಅನ್ನುವುದೇ ಇದರ ಲಾಭ. ಯಾವ ಕೊಕ್ಕೆ ಬೇಕಾದರೂ ಹಾಕಿ. ನಾಲ್ಕಾರು ಟೈಲ್ ಸೇರಿಸಿ ಒಂದೇ ಚಿತ್ರ ಆಗುವುದಿದ್ದರೆ ಒಂದೇ ಹಲಗೆಗೆ ಎಲ್ಲವನ್ನೂ 2 ಮಿ.ಮೀ. ಸಂದಿ ಬಿಟ್ಟು ಅಂಟಿಸಿ, ಓರೆ ಪಟ್ಟಿಯಲ್ಲಿ ತೂಗುಹಾಕಿ. ಓರೆ ಪಟ್ಟಿ ಅಂದರೆ ಒಂದು ಮರದ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿಗೆ ಸೀಳಿ, ಒಂದನ್ನು ಗೋಡೆಗೆ, ಇನ್ನೊಂದನ್ನು ಹಲಗೆಗೆ ಹಾಕುವುದು. ಗೋಡೆಯ ಪಟ್ಟಿಯ ಮೇಲಿನ ಓರೆ ಗೋಡೆಯ ಕಡೆಗೆ ಇಳಿದಿರಬೇಕು. ಹಲಗೆಯ ಪಟ್ಟಿ ಅದರೊಳಗೆ ಕೂತು ತನ್ನ ಭಾರಕ್ಕೆ ತಾನೇ ಗೋಡೆಗೆ ಒತ್ತಿಕೊಳ್ಳುತ್ತದೆ. ಕೂರಿಸಿದ ಮೇಲೂ ಆಚೀಚೆ ಸರಿಸಬಹುದು. ಮಟ್ಟ ಮಾತ್ರ ಮೊದಲೇ ರಸಮಟ್ಟ ಇಟ್ಟು ನೋಡಿಕೊಳ್ಳಿ.

ಅಂಟೇ ಬೇಡ ಅನ್ನುವವರಿಗೆ

ಕನ್ನಡಿ ಕ್ಲಿಪ್ ಗೊತ್ತಲ್ಲ? ಕೆಳಗೆ ಎರಡು, ಮೇಲೆ ಎರಡು. ಭಾರವೆಲ್ಲ ಕೆಳಗಿನ ಎರಡರ ಮೇಲೆ, ಮೇಲಿನವು ಮುಂದಕ್ಕೆ ಬೀಳದಂತೆ ಕಾಯುತ್ತವೆ. ಟೈಲ್ ದಪ್ಪಕ್ಕೆ ಸರಿಹೊಂದುವ ಕ್ಲಿಪ್ ಸಿಗಬೇಕು, ಲೋಹ ತಾಗುವಲ್ಲಿ ಉಣ್ಣೆ ಬಟ್ಟೆಯ ಚೂರು ಇರಬೇಕು. ಬೆಲೆಬಾಳುವ ಹಳೆಯ ಟೈಲ್‌ಗೆ ನಾನು ಇದನ್ನೇ ಹೇಳುವುದು. ಹಳೆಯ ಡಚ್ ಟೈಲ್‌ಗಳು ಹೆಚ್ಚಾಗಿ 13 ಸೆಂ.ಮೀ. ಆಸುಪಾಸಿನವು, ಪೋರ್ಚುಗಲ್‌ನ ಅಜುಲೇಜು 14 ಸೆಂ.ಮೀ. ಹತ್ತಿರ. ಗೋಡೆಯಿಂದ ಕಿತ್ತು ತಂದದ್ದಾದರೆ ಬೆನ್ನಿಗೆ ಹಳೇ ಸುಣ್ಣದ ಗಾರೆ ಮೆತ್ತಿಕೊಂಡಿರುವುದುಂಟು. ಎಪಾಕ್ಸಿ ಆ ಗಾರೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಗಾರೆ ಟೈಲನ್ನು ಹಿಡಿದಿದೆ ಅನ್ನುವ ಭರವಸೆ ಇಲ್ಲ. ಗಾರೆ ಕೆರೆಯಲು ಹೋದರೆ ಗ್ಲೇಜ್ ಬಿರುಕು ಬಿಡಬಹುದು. ಸುಮ್ನೆ ಕ್ಲಿಪ್ ಹಾಕಿ. ಕ್ಲಿಪ್ ಕಾಣುತ್ತದೆ, ಕಾಣಲಿ.

ಇನ್ನೂ ಸುಲಭ ಬೇಕಾದರೆ ಅಂಚು ಎತ್ತಿರುವ ಕಿರಿದಾದ ಶೆಲ್ಫ್. ಟೈಲನ್ನು ಒರಗಿಸಿಟ್ಟರೆ ಮುಗಿಯಿತು. ಓಡಾಡುವ ಮಕ್ಕಳು, ಬೆಕ್ಕು ಇರುವ ಮನೆಗೆ ಮಾತ್ರ ಬೇಡ.

ಟೈಲ್‌ಗೇ ತೂತು ಕೊರೆದು ಸ್ಕ್ರೂ ಹಾಕುವವರೂ ಇದ್ದಾರೆ. ಡೈಮಂಡ್ ಬಿಟ್, ನೀರು, ನಿಧಾನದ ವೇಗ ಬೇಕು, ಡ್ರಿಲ್‌ನ ಹ್ಯಾಮರ್ (ಕುಟ್ಟುವ ಮೋಡ್) ಬಂದ್ ಇರಬೇಕು. ಆಗುತ್ತದೆ. ಆದರೆ ಚಿತ್ರದ ಟೈಲ್‌ಗೆ ಯಾಕೆ? ಆಯಸ್ಕಾಂತದ ದಾರಿ ಚಿಕ್ಕ ಟೈಲ್‌ಗಳನ್ನು ಕಬ್ಬಿಣದ ಹಲಗೆಯ ಮೇಲೆ ಆಗಾಗ ಬದಲಿಸುತ್ತಾ ಇರುವವರಿಗೆ ಚೆನ್ನ, ಉಳಿದವರಿಗೆ ಬೇಕಿಲ್ಲ.

ಗೋಡೆಗೇ ನೇರವಾಗಿ ಟೈಲ್ ಅಂಟಿನಿಂದ ಕೂರಿಸುವುದು ಒಲೆಯ ಹಿಂದೆ, ಬಚ್ಚಲಲ್ಲಿ ಸರಿ. ಪೇಂಟ್ ಕೆರೆದು ಗಾರೆ ಕಾಣುವ ತನಕ ಹೋಗಬೇಕು. ಆದರೆ ಅದು ಗೋಡೆಯದ್ದಾಯಿತು, ಇನ್ನು ನಿಮ್ಮದಲ್ಲ.

ಹಾಗಾದರೆ ಯಾವುದು?

ಬಾಡಿಗೆ ಮನೆ, ಪರೀಕ್ಷೆಯಲ್ಲಿ ಗೆದ್ದ ಪೇಂಟ್, ಅರ್ಧ ಕಿಲೋ ಒಳಗಿನ ಟೈಲ್: ಕಿತ್ತು ತೆಗೆಯುವ ಪಟ್ಟಿ. ಅದೇ ತೂಕ, ಮೊಳೆ ಹೊಡೆಯಲು ಅಡ್ಡಿಯಿಲ್ಲ, ಬೆನ್ನು ನುಣುಪು: ಡಿಸ್ಕ್. ಬೆನ್ನು ಗೆರೆಗೆರೆ: ಎಪಾಕ್ಸಿ ಮತ್ತು ಉಂಗುರದ ಕೊಕ್ಕೆ. ಒಂದು ಕಿಲೋ ಹತ್ತಿರ ಬಂತು ಅಂದರೆ ಬೇರೆ ಯೋಚನೆ ಬಿಟ್ಟು ಹಲಗೆಗೆ ಹೋಗಿ. ಹಳೆಯದು, ಮತ್ತೆ ಸಿಗದ್ದು ಆದರೆ ಕ್ಲಿಪ್. ಮಲಗುವ ಜಾಗದ ತಲೆಯ ಮೇಲೆ, ತೊಟ್ಟಿಲ ಮೇಲೆ ಮಾತ್ರ ಯಾವ ಟೈಲನ್ನೂ ಯಾವ ದಾರಿಯಲ್ಲೂ ಹಾಕಬೇಡಿ. ಸ್ಕ್ರೂ ಇದ್ದರೂ ಬೇಡ.

ತೆಗೆಯುವ ಕಾಲ ಬಂದರೆ ಡಿಸ್ಕ್ ನೀರಿಗೆ ಬಿಡುತ್ತದೆ. ಸಿಲಿಕೋನ್ ಮತ್ತು ಫೋಮ್ ಟೇಪನ್ನು ಗಾಳದ ನೈಲಾನ್ ದಾರದಿಂದ ಗರಗಸದ ಹಾಗೆ ಹಿಂದೆಮುಂದೆ ಎಳೆದು ಕತ್ತರಿಸಬಹುದು, ಉಳಿದದ್ದು ಬೆರಳಿಂದ ಉಜ್ಜಿದರೆ ಉಂಡೆ ಉಂಡೆಯಾಗಿ ಬರುತ್ತದೆ. ಎಪಾಕ್ಸಿಗೆ ಹೇರ್ ಡ್ರೈಯರ್‌ನ ಬಿಸಿ ಹಿಡಿದು ಮೆತ್ತಗಾದಾಗ ತೆಳು ಬ್ಲೇಡ್ ಆಡಿಸಿ. ಬಿಸಿ ಒಂದೇ ಕಡೆ ನಿಲ್ಲದೆ ಸುತ್ತ ಓಡಾಡುತ್ತಿರಲಿ, ಒಂದೇ ಜಾಗ ಕಾದರೆ ಟೈಲ್ ಸೀಳಬಹುದು.